ಬಾಟಲಿಯವನಿಗೆ ಬಂದೂಕು, ಕಾರ್ಡಿನವನಿಗೆ ಕಂಬಿ

ಗಾಂಜಾ ಸೇದುವವನ ಕೈಗೆ ಬಂದೂಕು ಕೊಡಬೇಕಂತೆ! ಅಮೆರಿಕದ ಸುದ್ದಿ ಬಂದಾಗಲೆಲ್ಲ ಇದೇ ಉದ್ಗಾರ. ಅಲ್ಲೇ ನೆಲೆ ನಿಂತ ನಮ್ಮವರಿಂದ ಹಿಡಿದು ಇಲ್ಲಿ ಟಿ.ವಿ. ನೋಡಿ ಪಂಡಿತರಾದವರವರೆಗೆ ಎಲ್ಲರೂ ಹುಬ್ಬೇರಿಸುವವರೇ. ಸರಿ, ಹುಬ್ಬು ಇಳಿಸುವ ಮೊದಲು ಒಂದು ಪ್ರಶ್ನೆಗೆ ಉತ್ತರ ಕೊಡಿ. ಸಂಜೆ ಆರಾಗುತ್ತಲೇ ವಿಸ್ಕಿ ಬಿಚ್ಚಿ, ಒಂಬತ್ತರೊಳಗೆ ಬಾಟಲಿ ಬರಿದು ಮಾಡಿ, ಗೋಡೆ ಹಿಡಿದುಕೊಂಡು ನಡೆಯುವವನ ಮನೆಯಲ್ಲಿ ಹತ್ತು ಬಂದೂಕುಗಳಿದ್ದರೆ ಅಮೆರಿಕದ ಫೆಡರಲ್ ಕಾನೂನು ಏನೆನ್ನುತ್ತದೆ?

ಏನೂ ಅನ್ನುವುದಿಲ್ಲ. ಹನ್ನೊಂದನೆಯದು ಕೊಳ್ಳಲು ಹೋದರೂ ಅಡ್ಡಿಯಿಲ್ಲ.

ಕಿಮೋಥೆರಪಿಯ ವಾಕರಿಕೆ ತಾಳಲಾರದ ಒಬ್ಬ ಅಜ್ಜಿ ಇದ್ದಾಳೆಂದುಕೊಳ್ಳಿ. ವೈದ್ಯರ ಮಾತು ಕೇಳಿ, ರಾಜ್ಯ ಸರ್ಕಾರಕ್ಕೆ ಶುಲ್ಕ ಕಟ್ಟಿ, ಫೋಟೊ ಅಂಟಿಸಿದ ಕಾರ್ಡ್ ಪಡೆದು, ರಾತ್ರಿ ನಾಲ್ಕು ಹನಿ ಗಾಂಜಾ ಎಣ್ಣೆ ನಾಲಿಗೆಯಡಿ ಬಿಟ್ಟುಕೊಂಡು ಮಲಗುತ್ತಾಳೆ. ತೀರಿಹೋದ ಗಂಡನ ಬೇಟೆ ಕೋವಿ ಅವಳ ಕಪಾಟಿನಲ್ಲಿದ್ದರೆ ಅವಳು ಅಪರಾಧಿ. 1968ರ ಬಂದೂಕು ನಿಯಂತ್ರಣ ಕಾಯ್ದೆಯಿಂದ ಬಂದ 922(ಜಿ)(3) ಎಂಬ ಕಲಮಿನ ಪ್ರಕಾರ, ನಿಷೇಧಿತ ಮಾದಕ ವಸ್ತುವನ್ನು ಕಾನೂನುಬಾಹಿರವಾಗಿ ಬಳಸುವವರು ಬಂದೂಕು ಇಟ್ಟುಕೊಳ್ಳುವಂತಿಲ್ಲ. ಮೊದಲು ಹತ್ತು ವರ್ಷವಿದ್ದ ಗರಿಷ್ಠ ಶಿಕ್ಷೆಯನ್ನು 2022ರಲ್ಲಿ ಹದಿನೈದಕ್ಕೇರಿಸಿದರು. ಶಾಲೆಗಳಲ್ಲಿ ಮಕ್ಕಳು ಗುಂಡಿಗೆ ಬಲಿಯಾಗುವುದನ್ನು ತಡೆಯುತ್ತೇವೆಂದು ತಂದ ಕಾನೂನಿನಲ್ಲೇ ಈ ಏರಿಕೆಯೂ ಸೇರಿಕೊಂಡಿತು. ಆ ಅಜ್ಜಿಯಿಂದ ಯಾವ ಶಾಲೆಗೆ ಅಪಾಯವಿತ್ತೋ!

ಅಮೆರಿಕನ್ನರ ಬಂದೂಕಿನ ಮೋಹ ಕಂಡರೆ ನನಗಾಗದು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಎಲ್ಲರ ಬಂದೂಕನ್ನೂ ಕಿತ್ತುಕೊಳ್ಳುತ್ತೇವೆ ಎಂದು ನಾಳೆ ಯಾರಾದರೂ ಹೊರಟರೆ ಚಪ್ಪಾಳೆ ಹೊಡೆಯಲು ನಾನು ತಯಾರು. ಆದರೆ ಊರಿಗೆಲ್ಲ ಹಂಚಿ, ಕಾಯಿಲೆಯವರಿಂದ ಮಾತ್ರ ವಾಪಸು ಕೇಳುವುದಿದೆಯಲ್ಲ, ಅದು ಸುರಕ್ಷತೆಯಲ್ಲ, ಸೋಗಲಾಡಿತನ.

ಅಮೆರಿಕದಲ್ಲಿ ಪರವಾನಗಿ ಇರುವ ಅಂಗಡಿಯಲ್ಲಿ ಬಂದೂಕು ಕೊಳ್ಳುವವರು 4473 ಎಂಬ ನಮೂನೆ ತುಂಬಬೇಕು. ಮಾದಕ ವಸ್ತು ಬಳಸುತ್ತೀರಾ ಎಂಬ ಪ್ರಶ್ನೆಯ ಜೊತೆಗೇ ಒಂದು ಎಚ್ಚರಿಕೆ ಅಚ್ಚಾಗಿದೆ: ನಿಮ್ಮ ರಾಜ್ಯ ಔಷಧಿಗೆಂದು ಒಪ್ಪಿದ್ದರೂ ಫೆಡರಲ್ ಕಾನೂನಿನ ಕಣ್ಣಲ್ಲಿ ಗಾಂಜಾ ಅಕ್ರಮವೇ. ಹೌದೆಂದು ಬರೆದರೆ ಬಂದೂಕಿಲ್ಲ. ಇಲ್ಲವೆಂದು ಸುಳ್ಳು ಬರೆದರೆ ಅದೇ ಬೇರೊಂದು ಅಪರಾಧ. ಹಾಗೆ ಸುಳ್ಳು ಬರೆದು 2024ರ ಜೂನ್‌ನಲ್ಲಿ ತಪ್ಪಿತಸ್ಥನೆನಿಸಿಕೊಂಡ, ಅಂದಿನ ಅಧ್ಯಕ್ಷರ ಮಗ ಹಂಟರ್ ಬೈಡನ್‌ಗೆ ಡಿಸೆಂಬರ್ ಹೊತ್ತಿಗೆ ಅಪ್ಪನಿಂದಲೇ ಕ್ಷಮಾದಾನ ಸಿಕ್ಕಿತು. ಅವನ ಚಟ ಕೊಕೇನಿನದು, ಗಾಂಜಾದ್ದಲ್ಲ. ಆದರೂ ಅಪ್ಪ ಶ್ವೇತಭವನದಲ್ಲಿದ್ದರೆ ನಮೂನೆಯ ಪ್ರಶ್ನೆಗಳು ಸುಲಭವಾಗುತ್ತವೆ ಎಂಬುದಂತೂ ಗೊತ್ತಾಯಿತು.

ಈ ನಮೂನೆಯನ್ನು ಹೊರಡಿಸುವ ಇಲಾಖೆಯ ಹೆಸರು ಕೇಳಿ: ಮದ್ಯ, ತಂಬಾಕು, ಬಂದೂಕು ಮತ್ತು ಸ್ಫೋಟಕಗಳ ಬ್ಯೂರೊ. ಎ.ಟಿ.ಎಫ್. ಎಂದು ಕರೆಯುತ್ತಾರೆ. ಮದ್ಯವನ್ನೂ ಬಂದೂಕನ್ನೂ ಒಂದೇ ಬೋರ್ಡಿನ ಮೇಲೆ ಬರೆದುಕೊಂಡ ಇಲಾಖೆಗೆ ಆ ಎರಡರ ನಡುವೆ ಅಪಾಯದ ನಂಟು ಕಾಣಲೇ ಇಲ್ಲ! ಅತಿ ಕುಡಿತದಿಂದ ಅಮೆರಿಕದಲ್ಲಿ ವರ್ಷಕ್ಕೆ 1.78 ಲಕ್ಷ ಜನ ಸಾಯುತ್ತಾರೆಂದು ಅವರದೇ ರೋಗ ನಿಯಂತ್ರಣ ಕೇಂದ್ರ, ಸಿ.ಡಿ.ಸಿ., 2020 ಮತ್ತು 2021ರ ಅಂಕಿಗಳನ್ನಿಟ್ಟು ಹೇಳಿದೆ. 1.78 ಲಕ್ಷ! ನಮೂನೆಯಲ್ಲಿ ಕುಡಿತದ ಬಗ್ಗೆ ಒಂದು ಚೌಕವೂ ಇಲ್ಲ. ನೋವಿನ ಮಾತ್ರೆಯ ಕಥೆಯೂ ಅಷ್ಟೇ. ವೈದ್ಯರು ಬರೆದುಕೊಟ್ಟ ಆಕ್ಸಿಕಾಂಟಿನ್ ನುಂಗುವವರು ಕಾನೂನಿನ ಪ್ರಕಾರ ಸಜ್ಜನರು, ಬಂದೂಕಿಗೆ ಅರ್ಹರು. ಅದನ್ನು ಮಾರಿದ ಪರ್ಡ್ಯೂ ಫಾರ್ಮಾ 2020ರಲ್ಲಿ ನ್ಯಾಯಾಲಯದ ಮುಂದೆ ತಪ್ಪೊಪ್ಪಿಕೊಂಡ ಕಂಪನಿ ಎಂಬುದು ಯಾರಿಗೂ ಮುಖ್ಯವಲ್ಲ. ಅದೇ ನೋವಿಗೆ ಆ ಮಾತ್ರೆ ಬಿಟ್ಟು ಗಾಂಜಾ ಹಿಡಿದವರು ಮಾತ್ರ ಸಮಾಜಕ್ಕೆ ಅಪಾಯ.

2011ರ ಸೆಪ್ಟೆಂಬರ್‌ನಲ್ಲಿ ಎ.ಟಿ.ಎಫ್. ಎಲ್ಲ ಬಂದೂಕು ವ್ಯಾಪಾರಿಗಳಿಗೂ ಬಹಿರಂಗ ಪತ್ರ ಬರೆಯಿತು. ಗಿರಾಕಿಯ ಬಳಿ ಗಾಂಜಾ ಕಾರ್ಡ್ ಇರುವುದು ಗೊತ್ತಾದರೆ ಮಾರಬೇಡಿ ಎಂಬುದೇ ಅದರ ತಾತ್ಪರ್ಯ. ನೆವಾಡಾದ ಒಬ್ಬ ಮಹಿಳೆಗೆ ಹೀಗೇ ಬಂದೂಕು ನಿರಾಕರಿಸಿದರು. ಕಾರ್ಡ್ ಇದೆ, ಆದರೆ ನಾನು ಗಾಂಜಾ ಬಳಸುತ್ತಿಲ್ಲ ಎಂಬುದು ಆಕೆಯ ವಾದ. 2016ರಲ್ಲಿ ಒಂಬತ್ತನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ ಆಕೆಯ ವಿರುದ್ಧ ತೀರ್ಪು ಕೊಟ್ಟಿತು. ಬೇಕಾದರೆ ಕಾರ್ಡ್ ಹಿಂದಿರುಗಿಸಿ ಬಂದೂಕು ಕೊಳ್ಳಬಹುದಲ್ಲ ಎಂಬ ಧಾಟಿ ಬೇರೆ. ಅಂದರೆ ಗಾಂಜಾ ಸೇದುವುದಕ್ಕಿಂತ ಸೇದಬಹುದು ಎಂದು ಸರ್ಕಾರಕ್ಕೆ ತಿಳಿಸುವುದೇ ದೊಡ್ಡ ತಪ್ಪು.

ನನ್ನ ಸಿಟ್ಟೆಲ್ಲ ಇಲ್ಲೇ ಇರುವುದು. ಬೀದಿಮೂಲೆಯಲ್ಲಿ ಪೊಟ್ಟಣ ಕೊಂಡವರ ಹೆಸರು ಯಾವ ದಫ್ತರದಲ್ಲೂ ಇಲ್ಲ. ಅವರು ನಗುನಗುತ್ತ ಇಲ್ಲ ಎಂದು ಗುರುತು ಹಾಕಿ ಬಂದೂಕು ಹಿಡಿದು ಮನೆಗೆ ಹೋಗುತ್ತಾರೆ. ಸಿಕ್ಕಿಬೀಳುವವರು ವೈದ್ಯರ ಬಳಿ ಹೋದವರು, ಅರ್ಜಿ ಹಾಕಿದವರು, ಶುಲ್ಕ ಕಟ್ಟಿದವರು. ಹವಾಯಿಯಲ್ಲಿ ಬಂದೂಕಿನ ನೋಂದಣಿಯೂ ಕಡ್ಡಾಯ, ಗಾಂಜಾ ರೋಗಿಗಳ ನೋಂದಣಿಯೂ ಕಡ್ಡಾಯ. 2017ರಲ್ಲಿ ಹೊನೊಲುಲು ಪೊಲೀಸರು ಎರಡು ಪಟ್ಟಿಗಳನ್ನೂ ಹೋಲಿಸಿ, ಎರಡರಲ್ಲೂ ಹೆಸರಿದ್ದ ಸುಮಾರು 30 ರೋಗಿಗಳಿಗೆ ಪತ್ರ ಕಳಿಸಿದರು: ಮೂವತ್ತು ದಿನದೊಳಗೆ ಬಂದೂಕು ಒಪ್ಪಿಸಿ. ಜನ ಉಗಿದ ಮೇಲೆ ಹಿಂದೆ ಸರಿದರು, ಆ ಮಾತು ಬೇರೆ. ಕಳ್ಳರನ್ನು ಹಿಡಿಯಲು ಪೊಲೀಸರು ಇಷ್ಟು ಶ್ರದ್ಧೆಯಿಂದ ಪಟ್ಟಿ ನೋಡಿದ್ದನ್ನು ಯಾರಾದರೂ ಕಂಡಿದ್ದೀರಾ?

ಕೋರ್ಟಿನಲ್ಲಿ ಸರ್ಕಾರ ಹೂಡಿದ ವಾದವಂತೂ ನಗೆನಾಟಕ. 2022ರ ಬ್ರೂಯೆನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಬಂದೂಕಿನ ಹಕ್ಕಿಗೆ ಮಿತಿ ಹಾಕುವ ಯಾವ ಕಾನೂನಿಗೂ ದೇಶದ ಇತಿಹಾಸದಲ್ಲಿ ಬೇರಿರಬೇಕು ಎಂದಿತು. ಸರ್ಕಾರಿ ವಕೀಲರು ಹಳೆಯ ಕಡತ ಕೆದಕಿದರು. ಹದಿನೆಂಟು, ಹತ್ತೊಂಬತ್ತನೇ ಶತಮಾನಗಳ ಗಾಂಜಾ ಕಾನೂನು ಸಿಗಲಿಲ್ಲ, ಇದ್ದರಲ್ಲವೇ ಸಿಗುವುದು! ಸಿಕ್ಕಿದ್ದು ಕುಡುಕರ ವಿರುದ್ಧದ ಕಾನೂನುಗಳು. ಹಿಂದೆ ಕುಡುಕರನ್ನು ನಿರ್ಬಂಧಿಸಿದ್ದೆವು, ಆದ್ದರಿಂದ ಇಂದು ಗಾಂಜಾ ರೋಗಿಗಳ ಬಂದೂಕು ಕಸಿಯಬಹುದು ಎಂದು ವಾದಿಸಿದರು. ಹಾಗಾದರೆ ಇಂದಿನ ಕುಡುಕರು? ಅವರ ಸುದ್ದಿಗೇ ಹೋಗಬೇಡಿ. ದೇಶದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಅವರ ಮೌಂಟ್ ವರ್ನನ್ ಎಸ್ಟೇಟಿನ ಭಟ್ಟಿಯಲ್ಲಿ 1799ರಲ್ಲಿ ಹತ್ತಿರ ಹತ್ತಿರ 11 ಸಾವಿರ ಗ್ಯಾಲನ್ ವಿಸ್ಕಿ ಇಳಿದಿತ್ತು. ಇತಿಹಾಸವೇ ಬೇಕೆಂದರೆ ಇದೂ ಇತಿಹಾಸವೇ.

ಐದನೇ ಸರ್ಕಿಟ್ ನ್ಯಾಯಾಲಯಕ್ಕೆ ಈ ಪೊಳ್ಳುತನ ಅರ್ಥವಾಯಿತು. ಅಮಲಿನಲ್ಲಿರುವಾಗ ಬಂದೂಕು ಮುಟ್ಟಬೇಡ ಎನ್ನಲು ಇತಿಹಾಸದ ಆಧಾರವಿರಬಹುದು, ಎಂದೋ ಸೇದಿದ್ದಕ್ಕೆ ಇಂದು ಸ್ವಸ್ಥವಾಗಿರುವವರನ್ನು ನಿರಾಯುಧರನ್ನಾಗಿಸಲು ಇಲ್ಲ ಎಂದು 2024ರಲ್ಲಿ ಹೇಳಿತು. 2025ರ ಆಗಸ್ಟ್‌ನಲ್ಲಿ ಹನ್ನೊಂದನೇ ಸರ್ಕಿಟ್, ಫ್ಲಾರಿಡಾದ ರೋಗಿಗಳ ವಜಾಗೊಂಡಿದ್ದ ದಾವೆಗೆ ಮತ್ತೆ ಜೀವ ಕೊಟ್ಟಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದೇ ಕಲಮಿಗೆ ಸಂಬಂಧಿಸಿದ ಟೆಕ್ಸಾಸ್‌ನ ಹೇಮಾನಿ ಪ್ರಕರಣವನ್ನು ಕೈಗೆತ್ತಿಕೊಂಡಿತು. ಬಂದೂಕಿನ ಹಕ್ಕು ಕೊಡುವ ಸಂವಿಧಾನದ ಎರಡನೇ ತಿದ್ದುಪಡಿಯ ಹೆಸರು ಹೇಳಿ ಮತ ಕೇಳಿದ ಟ್ರಂಪ್ ಸರ್ಕಾರ ಅಲ್ಲಿ ಬಂದೂಕು ಕಸಿಯುವ ಕಾನೂನಿನ ಪರ ನಿಂತಿದ್ದು ಈ ನಾಟಕದ ಇನ್ನೊಂದು ಅಂಕ.

ನ್ಯಾಷನಲ್ ರೈಫಲ್ ಅಸೋಸಿಯೇಷನ್ ಈಗ ಗಾಂಜಾ ಬಳಸುವವರ ಹಕ್ಕಿನ ಬಗ್ಗೆ ಮಾತಾಡುತ್ತಿದೆ. ಸಂತೋಷ. ಆದರೆ 2016ರ ಜುಲೈನಲ್ಲಿ ಎಲ್ಲಿದ್ದರು ಇವರು? ಮಿನೆಸೋಟದಲ್ಲಿ ಫಿಲಾಂಡೊ ಕ್ಯಾಸ್ಟೀಲ್ ಎಂಬ ಕಪ್ಪು ಯುವಕನ ಕಾರನ್ನು ಪೊಲೀಸರು ತಡೆದರು. ನನ್ನ ಬಳಿ ಬಂದೂಕಿದೆ ಎಂದು ಅವನೇ ಮರ್ಯಾದೆಯಿಂದ ಹೇಳಿದ. ಪರವಾನಗಿಯೂ ಇತ್ತು. ಪೊಲೀಸ್ ಅಧಿಕಾರಿ ಗುಂಡಿಟ್ಟು ಕೊಂದ, ಕಾರಿನಲ್ಲಿ ಗಾಂಜಾ ವಾಸನೆ ಬಂತೆಂದ, ಮರುವರ್ಷ ಖುಲಾಸೆಯಾದ. ಬಂದೂಕಿನ ಹಕ್ಕಿಗೆ ಗಂಟಲು ಹರಿದುಕೊಳ್ಳುವ ಆ ಸಂಸ್ಥೆ, ತನಿಖೆಯಾಗಲಿ ಎಂಬ ಸಪ್ಪೆ ಹೇಳಿಕೆ ಕೊಟ್ಟು ಸುಮ್ಮನಾಯಿತು. ಕೊನೆಗೆ ಅವರ ವಕ್ತಾರೆ ಡೇನಾ ಲೋಶ್ ಹೇಳಿದ್ದೇನು? ಗಾಂಜಾ ಮತ್ತು ಬಂದೂಕು ಒಟ್ಟಿಗಿರುವುದು ಕಾನೂನುಬಾಹಿರ ಎಂದು! ಸತ್ತವನನ್ನೇ ಅಪರಾಧಿಯಾಗಿಸಲು ಈ ಕಲಮು ಎಷ್ಟು ಅನುಕೂಲ ನೋಡಿ.

ಹುಬ್ಬೇರಿಸುವ ಅನಿವಾಸಿ ಕನ್ನಡಿಗರಿಗೂ ಒಂದು ಮಾತಿದೆ. ಅಮೆರಿಕದ ಪೌರತ್ವ ಇಲಾಖೆ 2019ರ ಏಪ್ರಿಲ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ತೆಗೆದು ಓದಿ. ರಾಜ್ಯದ ಕಾನೂನು ಒಪ್ಪಿದ್ದರೂ ಗಾಂಜಾ ಬಳಸಿದ, ಅಷ್ಟೇಕೆ, ಪರವಾನಗಿ ಇರುವ ಗಾಂಜಾ ಅಂಗಡಿಯಲ್ಲಿ ಕೆಲಸ ಮಾಡಿದ ಗ್ರೀನ್ ಕಾರ್ಡಿನವರಿಗೂ ‘ಒಳ್ಳೆಯ ನಡತೆ’ ಇಲ್ಲವೆಂದು ಪೌರತ್ವ ನಿರಾಕರಿಸಬಹುದು. ಕ್ಯಾಲಿಫೋರ್ನಿಯಾ ತೆರಿಗೆ ವಸೂಲು ಮಾಡಿ ಮಾರಲು ಬಿಡುವ ವಸ್ತುವನ್ನು ಬೆನ್ನುನೋವಿಗೆಂದು ಕೊಂಡವರ ನಡತೆಯ ಬಗ್ಗೆ ವಾಷಿಂಗ್ಟನ್‌ನ ಗುಮಾಸ್ತ ತೀರ್ಪು ಕೊಡುತ್ತಾನೆ. ನಾಪಾ ಕಣಿವೆಯಲ್ಲಿ ವೈನ್ ಹೀರಿ ಫೋಟೊ ಹಾಕಿದವರ ನಡತೆಗೆ ಮಾತ್ರ ಎಳ್ಳಷ್ಟೂ ಕಳಂಕವಿಲ್ಲ.

ಬಂದೂಕಿನ ಈ ಕಲಮನ್ನು ಸರಿಪಡಿಸಲು ಸುಪ್ರೀಂ ಕೋರ್ಟೇ ಬೇಕಿರಲಿಲ್ಲ. 1996ರಲ್ಲಿ ಕ್ಯಾಲಿಫೋರ್ನಿಯಾ ಬಾಗಿಲು ತೆರೆದಂದಿನಿಂದ ಸುಮಾರು 40 ರಾಜ್ಯಗಳು ಔಷಧಿಯ ಗಾಂಜಾಕ್ಕೆ ಒಪ್ಪಿಗೆ ಕೊಟ್ಟಿವೆ. ರಾಜ್ಯಗಳ ಈ ವ್ಯವಸ್ಥೆಗೆ ಅಡ್ಡಗಾಲು ಹಾಕಲು ನ್ಯಾಯ ಇಲಾಖೆ ಹಣ ಖರ್ಚು ಮಾಡಕೂಡದೆಂಬ ಷರತ್ತನ್ನು 2014ರಲ್ಲಿ ಸೇರಿಸಿ, ವರ್ಷ ವರ್ಷ ನವೀಕರಿಸುತ್ತ ಬಂದದ್ದೂ ಇದೇ ಅಮೆರಿಕದ ಕಾಂಗ್ರೆಸ್. ರಾಜ್ಯದ ಕಾನೂನಿನಂತೆ ಗಾಂಜಾ ಬಳಸುವವರಿಗೆ ಈ ಕಲಮು ಅನ್ವಯಿಸದು ಎಂಬ ಒಂದು ಸಾಲನ್ನು ಸೇರಿಸಲು ಮಾತ್ರ ಅವರ ಪೆನ್ನಿನಲ್ಲಿ ಮಸಿಯಿಲ್ಲ. ಅಲಾಸ್ಕಾದ ರಿಪಬ್ಲಿಕನ್ ಸಂಸದ ಡಾನ್ ಯಂಗ್ 2021ರಲ್ಲಿ ಅಂಥದೇ ಮಸೂದೆ ಮಂಡಿಸಿದ್ದರು. ಅದು ಕಾನೂನಾಗಲಿಲ್ಲ, 2022ರ ಮಾರ್ಚ್‌ನಲ್ಲಿ ಅವರೂ ತೀರಿಕೊಂಡರು. ಮುಂದಿನ ತಿಂಗಳು ಫ್ಲಾರಿಡಾದ ಕೃಷಿ ಆಯುಕ್ತೆ, ಡೆಮಾಕ್ರಾಟ್ ನಿಕ್ಕಿ ಫ್ರೀಡ್ ರೋಗಿಗಳ ಜೊತೆ ನಿಂತು ಕೋರ್ಟಿಗೆ ಹೋದರು. ಆಗ ಎದುರಾಳಿ ಅವರದೇ ಪಕ್ಷದ ಬೈಡನ್ ಸರ್ಕಾರ. ಡೆಮಾಕ್ರಾಟರಿಗೆ ಬಂದೂಕು ಎಂದರೆ ಮೈ ಉರಿ, ರಿಪಬ್ಲಿಕನ್ನರಿಗೆ ಗಾಂಜಾ ಎಂದರೆ ಮೈಲಿಗೆ. ಎರಡೂ ಇರುವ ರೋಗಿಯ ಪರ ಮಾತಾಡಿದರೆ ಎರಡೂ ಕಡೆಯ ಮತ ಕಳೆದುಕೊಳ್ಳುತ್ತೇವೆಂಬ ಲೆಕ್ಕ ಇಬ್ಬರಿಗೂ ಚೆನ್ನಾಗಿ ಗೊತ್ತು.