ಚೆರ್ರಿ ಬೀಜದ ಎಣ್ಣೆಯೋ, ಕುಸುಬೆ ಎಣ್ಣೆಯೋ?

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ನಮ್ಮಲ್ಲಿ ಬಹು ಹಳೆಯದು. ಊರು ಬಿಟ್ಟು ಬಂದವರ ವಿಷಯದಲ್ಲಿ ಅದು ಇನ್ನಷ್ಟು ನಿಜವೆನಿಸುತ್ತದೆ. ಹಡಪಸರದಂತಹ ಬಡಾವಣೆಯಲ್ಲಿ ಹಿತ್ತಲೂ ಇಲ್ಲ, ಗಿಡವೂ ಇಲ್ಲ. ಇರುವುದು ಅಂಗಡಿ ಮತ್ತು ಜಾಹೀರಾತು. ಮಗರಪಟ್ಟಾದ ಗಣಕಯಂತ್ರ ಸಂಸ್ಥೆಗಳಲ್ಲಿ ದುಡಿಯುವ ತರುಣ ತರುಣಿಯರಿರಲಿ, ಕಟ್ಟಡದ ಕೆಲಸಕ್ಕೆಂದು ಕಲಬುರ್ಗಿ, ವಿಜಯಪುರ, ಯಾದಗಿರಿಗಳಿಂದ ಬಂದು ನೆಲೆಸಿದ ಕುಟುಂಬಗಳಿರಲಿ, ಮೈಗೆ ಮತ್ತು ತಲೆಗೆ ಯಾವ ಎಣ್ಣೆ ಎಂಬ ಪ್ರಶ್ನೆಗೆ ಇಂದು ಉತ್ತರ ಹೇಳುತ್ತಿರುವವರು ಮನೆಯ ಹಿರಿಯರಲ್ಲ, ಮಾರುವವರು. ಆ ಉತ್ತರಗಳಲ್ಲಿ ಈಚಿನದೊಂದು ಚೆರ್ರಿ ಬೀಜದ ಎಣ್ಣೆ. ಚರ್ಮವನ್ನು ಮೃದುಗೊಳಿಸುತ್ತದೆ, ಬಿಸಿಲಿನಿಂದ ಕಾಯುತ್ತದೆ, ಕೂದಲಿಗೆ ಹೊಳಪು ಕೊಡುತ್ತದೆ ಎಂದು ಅದರ ಗುಣಗಾನ ನಡೆದಿದೆ. ಈ ಮಾತುಗಳಲ್ಲಿ ಸತ್ಯವೆಷ್ಟು ಎಂಬುದನ್ನು ವಿಚಾರಿಸಿ ನೋಡುವುದು ಅವಶ್ಯ.

ಮೊದಲು ಚೆರ್ರಿಯ ವಿಷಯ. ಬೇಕರಿಯ ಕೇಕಿನ ಮೇಲೆ ಕೂತಿರುವ ಕೆಂಪು ಹಣ್ಣು ಬಹುಮಟ್ಟಿಗೆ ಚೆರ್ರಿಯಲ್ಲ. ಸಕ್ಕರೆ ಪಾಕದಲ್ಲಿ ನೆನೆಸಿ ಬಣ್ಣ ಕಟ್ಟಿದ ನಮ್ಮ ಕವಳಿಹಣ್ಣು. ನಿಜವಾದ ಚೆರ್ರಿ ಕಾಶ್ಮೀರ, ಹಿಮಾಚಲಗಳಂತಹ ಶೀತಪ್ರದೇಶದ ಬೆಳೆ. ಜಗತ್ತಿನಲ್ಲಿ ತುರ್ಕಿ ಅದಕ್ಕೆ ಹೆಸರಾಗಿದೆ. ಹಣ್ಣಿನ ರಸ ತೆಗೆಯುವ ಕಾರ್ಖಾನೆಗಳಲ್ಲಿ ಉಳಿಯುವ ಗೊರಟೆಯನ್ನು ಒಡೆದು, ಒಳಗಿನ ತಿರುಳಿನಿಂದ ಎಣ್ಣೆ ತೆಗೆಯುತ್ತಾರೆ. ಇದರಲ್ಲಿ ಮುಖ್ಯವಾಗಿರುವುದು ಓಲಿಯಿಕ್ ಮತ್ತು ಲಿನೋಲಿಯಿಕ್ ಎಂಬ ಎರಡು ಕೊಬ್ಬಿನಾಮ್ಲಗಳು. ಇವು ಅಪರೂಪದ ವಸ್ತುಗಳೇನಲ್ಲ, ನಮ್ಮ ಅಡಿಗೆಮನೆಯ ಎಣ್ಣೆಗಳಲ್ಲೂ ಇವೆ. ಎಲಿಯೋಸ್ಟಿಯರಿಕ್ ಎಂಬ ಮೂರನೆಯದೊಂದು ಆಮ್ಲ ಸ್ವಲ್ಪ ವಿಶೇಷವಾದದ್ದು. ಆದರೆ ಅದೂ ಹಾಗಲಕಾಯಿಯ ಬೀಜದಲ್ಲಿ ಹೇರಳವಾಗಿದೆ. ಒಟ್ಟಿನಲ್ಲಿ ಚೆರ್ರಿ ಬೀಜದ ಎಣ್ಣೆ ಕೆಟ್ಟದ್ದಲ್ಲ. ಆದರೆ ಅದರ ಬೆಲೆಗೆ ತಕ್ಕ ಪವಾಡವೂ ಅದರಲ್ಲಿಲ್ಲ. ಬಿಸಿಲಿನಿಂದ ಕಾಯಲೆಂದು ಅದನ್ನೊಂದನ್ನೇ ನಂಬುವುದು ಸಲ್ಲದು. ಗೊರಟೆಯನ್ನು ಮನೆಯಲ್ಲೇ ಅರೆದು ಹಚ್ಚುವ ಅಥವಾ ತಿನ್ನುವ ಸಾಹಸವನ್ನಂತೂ ಯಾರೂ ಮಾಡಬಾರದು. ಆ ತಿರುಳಿನಲ್ಲಿರುವ ಅಮಿಗ್ಡಲಿನ್ ಎಂಬ ವಸ್ತುವಿನಿಂದ ಹೈಡ್ರೋಸಯನಿಕ್ ಆಮ್ಲವೆಂಬ ಘೋರ ವಿಷ ಹುಟ್ಟುತ್ತದೆ.

ಹಾಗಾದರೆ ಚರ್ಮಕ್ಕೆ ಬೇಕಾದುದೇನು? 1929ರಲ್ಲಿ ಅಮೆರಿಕೆಯ ಮಿನೆಸೋಟ ವಿಶ್ವವಿದ್ಯಾನಿಲಯದಲ್ಲಿ ಜಾರ್ಜ್ ಬರ್ ಮತ್ತು ಮಿಲ್ಡ್ರೆಡ್ ಬರ್ ದಂಪತಿಗಳು ಇಲಿಗಳಿಗೆ ಕೊಬ್ಬಿಲ್ಲದ ಆಹಾರ ಕೊಟ್ಟು ನೋಡಿದರು. ಇಲಿಗಳ ಚರ್ಮ ಒಣಗಿ ಹೊಟ್ಟೆದ್ದಿತು. ಆ ಕೊರತೆಯನ್ನು ನೀಗಿಸಿದ್ದು ಲಿನೋಲಿಯಿಕ್ ಆಮ್ಲ. ಚರ್ಮದ ಹೊರಪದರದಲ್ಲಿ ನೀರನ್ನು ಹಿಡಿದಿಡುವ ಗೋಡೆಗೆ ಈ ಆಮ್ಲ ಗಾರೆಯಿದ್ದಂತೆ. ನಮ್ಮ ದೇಹ ಅದನ್ನು ತಾನಾಗಿ ತಯಾರಿಸಿಕೊಳ್ಳಲಾರದು. ಮುಂದೆ 1975ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಈ ಕೊರತೆಯಿದ್ದ ರೋಗಿಗಳ ಮುಂಗೈಗೆ ಸೂರ್ಯಕಾಂತಿ ಎಣ್ಣೆ ಹಚ್ಚಿದಾಗ ಚರ್ಮ ಸುಧಾರಿಸಿತು. ಢಾಕಾದ ಶಿಶು ಆಸ್ಪತ್ರೆಯಲ್ಲಿ ಅವಧಿಗೆ ಮುನ್ನ ಹುಟ್ಟಿದ ಕೂಸುಗಳಿಗೆ ಇದೇ ಎಣ್ಣೆಯನ್ನು ಸವರಿದಾಗ ಆಸ್ಪತ್ರೆಯಲ್ಲಿ ತಗಲುವ ಸೋಂಕು ಶೇಕಡಾ 41ರಷ್ಟು ತಗ್ಗಿತೆಂದು 2005ರಲ್ಲಿ ವರದಿಯಾಯಿತು.

ಈಗ ನಮ್ಮ ಕುಸುಬೆಯ ಕಡೆ ಹೊರಳೋಣ. ಸಾಮಾನ್ಯ ಸೂರ್ಯಕಾಂತಿ ಎಣ್ಣೆಯಲ್ಲಿ ಲಿನೋಲಿಯಿಕ್ ಆಮ್ಲ ನೂರಕ್ಕೆ ಸುಮಾರು 60 ಭಾಗವಿದ್ದರೆ, ಕುಸುಬೆ ಎಣ್ಣೆಯಲ್ಲಿ ಸುಮಾರು 70ರಿಂದ 75 ಭಾಗವಿರುತ್ತದೆ. ಮೇಲೆ ಹೇಳಿದ ಪ್ರಯೋಗಗಳು ನಡೆದದ್ದು ಸೂರ್ಯಕಾಂತಿಯ ಮೇಲೆ ಎಂಬುದು ನಿಜ. ಆದರೆ ಯಾವ ಸತ್ವಕ್ಕಾಗಿ ಅದನ್ನು ಆರಿಸಿದರೋ ಆ ಸತ್ವ ಕುಸುಬೆಯಲ್ಲಿ ಇನ್ನೂ ಹೆಚ್ಚು. ಈ ಬೆಳೆ ನಮಗೆ ಪರಕೀಯವೂ ಅಲ್ಲ. ಹಡಪಸರದ ಸಮೀಪ ಹರಿಯುವ ಮುಳಾ-ಮುಠಾ ಭೀಮೆಯನ್ನು ಸೇರಿ, ಆ ಭೀಮೆ ಇಂಡಿ, ಅಫಜಲಪುರಗಳ ಎರೆಭೂಮಿಗೆ ಇಳಿಯುತ್ತಾಳೆ. ಹಿಂಗಾರಿ ಜೋಳ, ಕಡಲೆಗಳ ಜೊತೆಗೆ ಮುಳ್ಳಿನ ಕುಸುಬೆ ಬೆಳೆದ ನೆಲವದು. ಅಣ್ಣಿಗೇರಿಯ ಎ-1 ತಳಿ, ಸೋಲಾಪುರದ ಭೀಮಾ ತಳಿ ಇವು ರೈತರಿಗೆ ಚಿರಪರಿಚಿತ. ಸಾತಾರಾ ಜಿಲ್ಲೆಯ ಫಲ್ಟಣದ ನಿಂಬಕರ ಕೃಷಿ ಸಂಶೋಧನಾ ಸಂಸ್ಥೆಯಲ್ಲೂ ಈ ಬೆಳೆಯ ಮೇಲೆ ದೀರ್ಘಕಾಲ ಕೆಲಸ ನಡೆದಿದೆ. ಕುಸುಬಿ ಹಾಲಿನ ಹುಗ್ಗಿಯ ರುಚಿ ಬಲ್ಲ ನಮ್ಮವರು ಪುಣೆಯ ಅಂಗಡಿಯಲ್ಲಿ ‘ಕರಡಈ ತೇಲ್’ ಎಂದು ಕೇಳಿದರಾಯಿತು. ‘ಲಾಕಡೀ ಘಾಣಾ’ ಎಂಬ ಫಲಕವಿರುವಲ್ಲಿ ಮರದ ಗಾಣದ ಎಣ್ಣೆಯೇ ದೊರೆಯುತ್ತದೆ. ಓಲಿಯಿಕ್ ಆಮ್ಲ ಹೆಚ್ಚಿರುವ ಹೊಸ ತಳಿಗಳೂ ಬಂದಿರುವುದರಿಂದ, ಶೀಶೆಯ ಮೇಲಿನ ಬರಹವನ್ನು ಓದಿ ಕೊಳ್ಳುವುದು ಲೇಸು.

ಕೂದಲಿನ ಮಾತು ಬೇರೆ. ಕೂದಲು ಜೀವವಿಲ್ಲದ ಎಳೆ. ಹೊರಗಿನಿಂದ ಹಚ್ಚುವ ಎಣ್ಣೆ ಅದನ್ನು ಬೆಳೆಸಲಾರದು, ಸವೆಯದಂತೆ ಕಾಯಬಲ್ಲದು ಅಷ್ಟೆ. ಈ ಕೆಲಸದಲ್ಲಿ ಕೊಬ್ಬರಿ ಎಣ್ಣೆಗೆ ಮೇಲುಗೈ. ಅದರಲ್ಲಿ ಅರ್ಧದಷ್ಟಿರುವ ಲಾರಿಕ್ ಆಮ್ಲ ಎಳೆಯ ಒಳಕ್ಕೆ ಇಳಿಯಬಲ್ಲದು. ಸೂರ್ಯಕಾಂತಿ ಎಣ್ಣೆಯಾಗಲಿ ಖನಿಜ ತೈಲವಾಗಲಿ ಹಾಗೆ ಕೂದಲಿನ ಪ್ರೋಟೀನು ನಷ್ಟವಾಗುವುದನ್ನು ತಡೆಯಲಿಲ್ಲವೆಂದು ಮುಂಬಯಿಯ ರೇಲೆ ಮತ್ತು ಮೋಹಿಲೆಯವರು 2003ರಲ್ಲಿ ತೋರಿಸಿದರು. ಅವರು ಕೊಬ್ಬರಿ ಎಣ್ಣೆ ಮಾರುವ ಮ್ಯಾರಿಕೋ ಸಂಸ್ಥೆಯ ಸಂಶೋಧಕರೆಂಬುದನ್ನೂ ವಾಚಕರು ನೆನಪಿನಲ್ಲಿಡಬೇಕು. ಹೀಗಾಗಿ ಮೈಗೆ ಕುಸುಬೆ, ತಲೆಗೆ ಕೊಬ್ಬರಿ ಎಂಬುದು ನನ್ನ ಅಭಿಪ್ರಾಯ.

ಆದರೆ ಎಣ್ಣೆಗೂ ಒಂದು ಮಿತಿಯುಂಟು. ತಲೆಹೊಟ್ಟಿಗೆ ಕಾರಣವಾದ ಮಲಸೀಜಿಯಾ ಎಂಬ ಸೂಕ್ಷ್ಮಜೀವಿ ಎಣ್ಣೆಯಂಶವನ್ನೇ ಉಂಡು ಬದುಕುವುದರಿಂದ, ಹೊಟ್ಟಿರುವ ತಲೆಗೆ ರಾತ್ರಿಯಿಡೀ ಎಣ್ಣೆ ಇಟ್ಟುಕೊಳ್ಳುವುದು ಉರಿಯುವ ಒಲೆಗೆ ಸೌದೆ ಹಾಕಿದಂತೆ. ಹಠಾತ್ತನೆ ಕೂದಲು ಉದುರತೊಡಗಿದರೆ ಅದು ರಕ್ತಹೀನತೆ, ಥೈರಾಯ್ಡ್ ದೋಷ, ಜ್ವರ ಅಥವಾ ಬಾಣಂತನದ ಪರಿಣಾಮವಿರಬಹುದು. ಆಗ ಹೋಗಬೇಕಾದುದು ವೈದ್ಯರ ಬಳಿಗೆ. ದುಬಾರಿ ಆಲಿವ್ ಎಣ್ಣೆ ಚರ್ಮದ ರಕ್ಷಣಾ ಪದರವನ್ನು ಸಡಿಲಗೊಳಿಸುತ್ತದೆಂದು ಶೆಫೀಲ್ಡಿನಲ್ಲಿ 2013ರಲ್ಲಿ ಕಂಡುಬಂದಿದೆ. ತುಂಬು ತಿಂಗಳ ಹಸುಗೂಸುಗಳ ಮೇಲೆ ಮ್ಯಾಂಚೆಸ್ಟರಿನಲ್ಲಿ ನಡೆದ 2016ರ ಪ್ರಯೋಗದಲ್ಲಿ, ಆಲಿವ್ ಮತ್ತು ಸೂರ್ಯಕಾಂತಿ ಎರಡೂ ಚರ್ಮದ ತೇವವನ್ನು ಹೆಚ್ಚಿಸಿದರೂ, ರಕ್ಷಣಾ ಪದರ ಸಹಜವಾಗಿ ಬಲಗೊಳ್ಳುವುದನ್ನು ತುಸು ತಡೆದವು. ಆದ್ದರಿಂದ ಎಳೆಯ ಮಗುವಿಗೆ ಮಕ್ಕಳ ವೈದ್ಯರನ್ನು ಕೇಳದೆ ಯಾವ ಎಣ್ಣೆಯನ್ನೂ ತಿಕ್ಕಬಾರದು. ಮೂಗು ಕಿವಿಗಳಿಗಂತೂ ಎಣ್ಣೆ ಬಿಡಲೇಬಾರದು.

ಬಳಸುವ ಕ್ರಮ ಸರಳವಾದದ್ದು. ಮೊದಲು ಮುಂಗೈಯ ಒಳಭಾಗಕ್ಕೆ ಒಂದು ಹನಿ ಹಚ್ಚಿ ಒಂದು ದಿನ ಕಾದು ನೋಡಬೇಕು. ತುರಿಕೆಯಿಲ್ಲದಿದ್ದರೆ, ಸ್ನಾನವಾದೊಡನೆ ಮೈ ಇನ್ನೂ ತೇವವಾಗಿರುವಾಗಲೇ ತೆಳುವಾಗಿ ಸವರಬೇಕು. ಕೊಳವೆ ಬಾವಿಯ ಗಡಸು ನೀರು ಮತ್ತು ಪುಣೆಯ ಚಳಿಗಾಲದ ಒಣಹವೆ ಎರಡಕ್ಕೂ ಇದು ಒಗ್ಗುವ ಉಪಾಯ. ಕುಸುಬೆ ಎಣ್ಣೆ ಬೇಗ ಕಮಟುವುದರಿಂದ ಸ್ವಲ್ಪಸ್ವಲ್ಪವೇ ಕೊಂಡು, ಬೆಳಕು ತಾಗದಂತೆ ಇಡಬೇಕು.

ಹಣವುಳ್ಳವರು ತಮಗೆ ಬೇಕಾದುದನ್ನು ಕೊಳ್ಳಲಿ, ಅದರಲ್ಲಿ ಉಳಿದವರಿಗೇನು ಎಂದು ಕೆಲವರು ಕೇಳಬಹುದು. ಕೊಳ್ಳಲಿ, ಬೇಡವೆನ್ನುವುದಿಲ್ಲ. ಆದರೆ ದಿನಗೂಲಿಯ ತಾಯಿಯೊಬ್ಬಳು ಮಗಳ ಒಣಚರ್ಮಕ್ಕೆಂದು ವಾರದ ಗಳಿಕೆಯನ್ನು ಅಂಗೈಯಗಲದ ಶೀಶೆಗೆ ಸುರಿಯುವಂತಾದರೆ ಅದು ಕೇವಲ ಅಭಿರುಚಿಯ ಪ್ರಶ್ನೆಯಾಗಿ ಉಳಿಯದು. ಅತ್ತ ಊರಿನಲ್ಲಿ ಕುಸುಬೆಯ ಹೊಲಗಳು ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿವೆ, ಗಾಣಗಳು ನಿಲ್ಲುತ್ತಿವೆ. ಇತ್ತ ನಾವು ಕೊಳ್ಳುವ ಒಂದೊಂದು ಶೇರು ಎಣ್ಣೆಗೂ ಅತ್ತಣ ರೈತನ ಬಿತ್ತನೆಗೂ ಸಂಬಂಧವುಂಟು. ನಮ್ಮ ಮೈಗೂ ಆ ಮಣ್ಣಿಗೂ ಏಕಕಾಲಕ್ಕೆ ಹಿತವಾಗುವ ವಸ್ತು ಸೋಲಾಪುರ ರಸ್ತೆಯ ಅಂಗಡಿಯಲ್ಲೇ ಸಿಗುವಾಗ ಅದನ್ನು ಕೇಳಿ ಪಡೆಯುವುದು ಹೊರನಾಡ ಕನ್ನಡಿಗರಿಗೆ ಶೋಭಿಸುವ ವಿವೇಕ.