ಮಜ್ಜಿಗೆ ಕೇಳಿದ್ರೆ ಎಮ್ಮೆ ಕಟ್ಟಿ ಹೋದ್ರು

ನಮಗೆ ಬೇಕಾಗಿರೋದು ಒಂದು ಸಿ++ ಕಂಪೈಲರ್. ಲ್ಯಾಬ್ ಮ್ಯಾನ್ಯುಅಲ್‌ನಲ್ಲಿರೋ ಪ್ರೋಗ್ರಾಂಗಳು ರನ್ ಆದ್ರೆ ಸಾಕು. ಆದರೆ ಇವತ್ತಿನ ಇನ್‌ಸ್ಟಾಲರ್‌ಗಳಿಗೆ ‘ಸಾಕು’ ಅನ್ನೋ ಪದವೇ ಗೊತ್ತಿಲ್ಲ.

ವಿಷುವಲ್ ಸ್ಟುಡಿಯೋನೇ ತಗೊಳ್ಳಿ. 2017ರ ಆವೃತ್ತಿಯಿಂದ ಬೇಕಾದ ‘ವರ್ಕ್‌ಲೋಡ್’ ಮಾತ್ರ ಆರಿಸಿಕೊಳ್ಳೋ ವ್ಯವಸ್ಥೆ ಬಂತು. ಒಳ್ಳೇದೇ, ಒಪ್ಪೋಣ. ಆದ್ರೆ ಸಿ++ಗೆ ಟಿಕ್ ಹಾಕಿ ಬಲಗಡೆ ಒಮ್ಮೆ ನೋಡಿ. ಸಿಮೇಕ್, ಗೂಗಲ್ ಟೆಸ್ಟ್, ಬೂಸ್ಟ್ ಟೆಸ್ಟ್ ಎಲ್ಲಾ ಸಾಲಾಗಿ ಕೂತಿರುತ್ತವೆ. ಹೆಸರಿಗೆ ‘ಆಪ್ಷನಲ್’, ಟಿಕ್ ಮಾತ್ರ ಮೊದಲೇ ಬಿದ್ದಿರುತ್ತೆ! ಮೂರನೇ ಸೆಮಿಸ್ಟರ್‌ನಲ್ಲಿ ಲಿಂಕ್ಡ್ ಲಿಸ್ಟ್ ಬರೆಯೋರಿಗೆ ಇದೆಲ್ಲಾ ಯಾಕೆ? (ಅಲ್ಲೇ ಇರೋ ವಿಂಡೋಸ್ ಎಸ್‌ಡಿಕೆ ಮಾತ್ರ ತೆಗೀಬೇಡಿ, ಅದು ಬೇಕು.) ಡಿ ಡ್ರೈವ್ ಆರಿಸಿದ್ರೂ ಒಂದಷ್ಟು ಭಾಗ ಸಿ ಡ್ರೈವ್‌ಗೇ ಹೋಗಿ ಕೂರುತ್ತೆ.

ಬೇರೆ ದಾರಿ ಇಲ್ಲ ಅಂತೇನಿಲ್ಲ. ನೋಡ್ ಜೆಎಸ್‌ನ ವಿಂಡೋಸ್ ಇನ್‌ಸ್ಟಾಲರ್‌ನಲ್ಲೂ ಪೈಥಾನ್, ಬಿಲ್ಡ್ ಟೂಲ್ಸ್ ಎಲ್ಲಾ ಎಳೆದು ತರೋ ಒಂದು ಚೆಕ್‌ಬಾಕ್ಸ್ ಇದೆ. ಆದರೆ ಅದು ಖಾಲಿ ಇರುತ್ತೆ, ಯಾವುದಕ್ಕೆ ಬೇಕು ಅಂತ ಪಕ್ಕದಲ್ಲೇ ಬರೆದಿರುತ್ತೆ. ಬೇಕಾದೋರು ಟಿಕ್ ಹಾಕ್ತಾರೆ. ಇಷ್ಟು ಮರ್ಯಾದೆ ಎಲ್ಲರೂ ಕೊಡಬಹುದಲ್ವಾ?

‘ಸ್ಟೋರೇಜ್ ಈಗ ಚೀಪ್ ಬಿಡ್ರೋ’ ಅಂತಾರೆ ಸೀನಿಯರ್ಸ್. ಯಾರಿಗೆ ಚೀಪ್? ನಮ್ಮ ಹಾಸ್ಟೆಲ್‌ನಲ್ಲಿ ಅರ್ಧ ಜನ ದಿನಕ್ಕೆ 1.5 ಜಿಬಿ ಪ್ಯಾಕ್‌ನ ಹಾಟ್‌ಸ್ಪಾಟ್ ನಂಬಿಕೊಂಡಿರೋರು. ಅಣ್ಣನ ಹಳೇ ಲ್ಯಾಪ್‌ಟಾಪು, ಅದರಲ್ಲಿ 256 ಜಿಬಿ, ಅದೂ ಮುಕ್ಕಾಲು ತುಂಬಿದೆ. ಹಲವು ಜಿಬಿ ಡೌನ್‌ಲೋಡ್ ರಾತ್ರಿ ಎರಡು ಗಂಟೆಗೆ ಅರ್ಧಕ್ಕೆ ನಿಂತಾಗ, ಕನ್ನಡ ಮೀಡಿಯಂನಿಂದ ಬಂದ ಫಸ್ಟ್ ಇಯರ್ ಹುಡುಗ ಇನ್‌ಸ್ಟಾಲರ್‌ನ ಬೈಯಲ್ಲ. ‘ಕೋಡಿಂಗ್ ನಮ್ಮಂಥೋರಿಗಲ್ಲ’ ಅಂದ್ಕೋತಾನೆ. ನಮಗೆ ಸಿಟ್ಟು ಬರೋದು ಜಾಗ ಹೋಯ್ತು ಅಂತಲ್ಲ, ಇದಕ್ಕೆ.

ದೊಡ್ಡ ಕಂಪನಿಗಳು ನಮ್ಮ ಮಾತು ಕೇಳೋದು ಯಾವಾಗಲೋ. ನಮ್ಮ ಡಿಪಾರ್ಟ್‌ಮೆಂಟ್ ಕೇಳಬಹುದು. ಲ್ಯಾಬ್ ಮ್ಯಾನ್ಯುಅಲ್‌ನ ಮೊದಲ ಪುಟದಲ್ಲಿ ‘ಇನ್‌ಸ್ಟಾಲ್ ಐಡಿಇ’ ಅಂತ ಒಂದೇ ಸಾಲು ಬರೆಯೋ ಬದಲು ಯಾವ ಟಿಕ್ ಇರಲಿ, ಯಾವುದು ತೆಗೀಬೇಕು, ಒಟ್ಟು ಎಷ್ಟು ಜಾಗ ಅಂತ ಹಾಕಿ ಸರ್. ವಿಷುವಲ್ ಸ್ಟುಡಿಯೋಗೆ ‘ಲೇಔಟ್’ ಅನ್ನೋ ಕಮಾಂಡ್ ಆಪ್ಷನ್ ಇದೆ. ಒಬ್ಬರು ಒಂದೇ ಸಲ ಕಾಲೇಜ್ ನೆಟ್‌ನಲ್ಲಿ ಬೇಕಾದ್ದಷ್ಟೇ ಇಳಿಸಿಕೊಂಡ್ರೆ, ಉಳಿದೋರೆಲ್ಲ ಪೆನ್‌ಡ್ರೈವ್‌ನಿಂದ ಹಾಕ್ಕೋಬಹುದು. ಪೆನ್‌ಡ್ರೈವ್ ನಾವು ತರ್ತೀವಿ.