ವಯಸ್ಸಿಗೆ ಬೆಲೆಯೋ, ರುಚಿಗೆ ಬೆಲೆಯೋ?

ಚಹಾ ಮತ್ತು ಕಾಫಿ ವ್ಯಾಪಾರದಲ್ಲಿ ರುಚಿ ಪರೀಕ್ಷಕನ ಅಭಿಪ್ರಾಯಕ್ಕೆ ಬೆಲೆಯುಂಟು. ವಿಸ್ಕಿಯ ವಿಷಯದಲ್ಲಿ ಮಾತ್ರ ನಮ್ಮ ಗ್ರಾಹಕರೂ ಅನೇಕ ವರ್ತಕರೂ ಚೀಟಿಯ ಮೇಲಿನ ವರ್ಷಗಳ ಸಂಖ್ಯೆಯನ್ನೇ ಗುಣಮಟ್ಟದ ಅಳತೆಗೋಲೆಂದು ನಂಬಿದ್ದಾರೆ. ಈ ನಂಬಿಕೆ ಲೆಕ್ಕದ ಪರೀಕ್ಷೆಗೆ ನಿಲ್ಲುವುದಿಲ್ಲ.

ಓಕ್ ಪೀಪಾಯಿಯಲ್ಲಿ ಪಕ್ವವಾಗುವ ವಿಸ್ಕಿಯ ಒಂದು ಭಾಗ ಪ್ರತಿವರ್ಷವೂ ಆವಿಯಾಗುತ್ತದೆ. ಇದಕ್ಕೆ 'ದೇವತೆಗಳ ಪಾಲು' ಎಂದು ಹೆಸರು. ತಂಪಾದ ಸ್ಕಾಟ್ಲೆಂಡಿನಲ್ಲಿ ಈ ನಷ್ಟ ವರ್ಷಕ್ಕೆ ಸುಮಾರು ಶೇ. 2, ಬೆಂಗಳೂರಿನಲ್ಲಿ ಶೇ. 10ಕ್ಕೂ ಮೇಲು. ಶೇ. 10ರಂತೆಯೇ ಗಣಿಸಿದರೂ, 200 ಲೀಟರಿನ ಪೀಪಾಯಿಯಲ್ಲಿ 12 ವರ್ಷಗಳ ನಂತರ ಇಲ್ಲಿ ಉಳಿಯುವುದು ಸುಮಾರು 56 ಲೀಟರ್. ಅಲ್ಲಿ ಸುಮಾರು 157 ಲೀಟರ್. ಆರಂಭದ ವೆಚ್ಚ ಲೀಟರಿಗೆ 100 ರೂ. ಎಂದು ಭಾವಿಸಿದರೆ, ಬಡ್ಡಿಯನ್ನು ಬಿಟ್ಟು, ಅದು ಇಲ್ಲಿ 354 ರೂ.ಗೂ ಅಲ್ಲಿ 127 ರೂ.ಗೂ ಏರುತ್ತದೆ. ಆದರೆ ನಮ್ಮ ಉಷ್ಣತೆಯಲ್ಲಿ ಮರದ ಗುಣವನ್ನು ಮದ್ಯ ಬೇಗನೆ ಹೀರಿಕೊಳ್ಳುವುದರಿಂದ, ಕೆಲವೇ ವರ್ಷಗಳಲ್ಲಿ ಪಕ್ವತೆ ಒದಗುತ್ತದೆ. ಹೀಗಿರುವಾಗ ಎರಡು ದೇಶಗಳ ವರ್ಷಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ.

ಇದಕ್ಕೆ ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ ಸಂಸ್ಥೆಯೇ ಸಾಕ್ಷಿ. 1948ರಲ್ಲಿ ಸ್ಥಾಪಿತವಾದ ಈ ಸಂಸ್ಥೆ 2004ರಲ್ಲಿ ತನ್ನ ಸಿಂಗಲ್ ಮಾಲ್ಟನ್ನು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿಯೇ ಬಿಡುಗಡೆ ಮಾಡಿತು. ಜಿಮ್ ಮರ್ರೆಯವರ 2010ರ ವಿಸ್ಕಿ ಕೈಪಿಡಿಯಲ್ಲಿ ಅದರ 'ಫ್ಯೂಷನ್' 97 ಅಂಕ ಗಳಿಸಿ ಜಗತ್ತಿನ ಮೂರನೆಯ ಸ್ಥಾನ ಪಡೆಯಿತು. ಚೀಟಿಯಲ್ಲಿ ವಯಸ್ಸನ್ನು ಸಾರದ ಆ ವಿಸ್ಕಿಗೆ ಮನ್ನಣೆ ತಂದುಕೊಟ್ಟದ್ದು ಅದರ ರುಚಿ.

ರುಚಿಯ ಪರೀಕ್ಷೆಗೂ ಕ್ರಮವಿದೆ. ಬಾಯಿ ಕಿರಿದಾದ ಲೋಟದಲ್ಲಿ ಸ್ವಲ್ಪವೇ ತೆಗೆದುಕೊಂಡು ಮೊದಲು ಪರಿಮಳವನ್ನು ಗ್ರಹಿಸಬೇಕು. ಕೆಲವು ಹನಿ ನೀರು ಬೆರೆಸಿ ಮತ್ತೆ ಪರೀಕ್ಷಿಸಬೇಕು. ಅನಂತರ ನಾಲಗೆಯ ರುಚಿ, ಕೊನೆಗೆ ಉಳಿಯುವ ಸ್ವಾದ. ಬಣ್ಣವನ್ನು ನಂಬುವಂತಿಲ್ಲ, ಸ್ಕಾಚ್‌ಗೂ ಕ್ಯಾರಮೆಲ್ ಬಣ್ಣ ಸೇರಿಸಲು ಕಾನೂನಿನ ಅನುಮತಿಯಿದೆ.

ಈ ತಿಳಿವಳಿಕೆ ಈಗ ವ್ಯಾಪಾರದ ಅಗತ್ಯವಾಗಿದೆ. 2025ರ ಜುಲೈ 24ರಂದು ಭಾರತ ಮತ್ತು ಬ್ರಿಟನ್ ಸಹಿ ಮಾಡಿದ ಒಪ್ಪಂದವು ಸ್ಕಾಚ್ ಮೇಲಿನ ಶೇ. 150ರ ಆಮದು ಸುಂಕವನ್ನು ಮೊದಲು ಶೇ. 75ಕ್ಕೆ, ಹತ್ತನೆಯ ವರ್ಷಕ್ಕೆ ಶೇ. 40ಕ್ಕೆ ಇಳಿಸುತ್ತದೆ. '12 ವರ್ಷ' ಎಂಬ ಅಂಕಿಯೊಡನೆ ಅಗ್ಗವಾಗಿ ಬರುವ ಸರಕಿನೆದುರು, ಐದು ವರ್ಷದ ಉತ್ತಮ ದೇಶೀಯ ಮಾಲ್ಟ್ ಅಜ್ಞಾನದಿಂದಲೇ ಸೋಲಬಾರದು.

ದೇಶೀಯ ಉದ್ಯಮಕ್ಕೂ ಹೊಣೆಗಾರಿಕೆಯಿದೆ. ಯುರೋಪಿಯನ್ ಒಕ್ಕೂಟದ ನಿಯಮದಂತೆ ಧಾನ್ಯದಿಂದ ತಯಾರಾಗಿ, ಕನಿಷ್ಠ 3 ವರ್ಷ ಮರದ ಪೀಪಾಯಿಯಲ್ಲಿ ಪಕ್ವವಾದುದು ಮಾತ್ರ ವಿಸ್ಕಿ. ಇಲ್ಲಿ ಕಾಕಂಬಿಯ ಮದ್ಯಸಾರ ಬೆರೆತದ್ದೂ ಅದೇ ಹೆಸರಿನಲ್ಲಿ ಮಾರಾಟವಾಗುತ್ತ ಬಂದಿದೆ. ಮೂಲವಸ್ತು, ಪಕ್ವವಾದ ಅವಧಿ ಮತ್ತು ಸ್ಥಳ — ಈ ಮೂರನ್ನೂ ತಯಾರಕರು ಸ್ವಯಂಪ್ರೇರಣೆಯಿಂದ ಚೀಟಿಯ ಮೇಲೆ ಸ್ಪಷ್ಟವಾಗಿ ಮುದ್ರಿಸಲಿ. ವಾಣಿಜ್ಯ ಸಂಸ್ಥೆಗಳು ವರ್ತಕರಿಗೂ ಹೋಟೆಲ್ ಉದ್ಯಮಿಗಳಿಗೂ ರುಚಿ ಪರೀಕ್ಷೆಯ ತರಬೇತಿ ಏರ್ಪಡಿಸಲಿ.

ಸಂವಿಧಾನದ 47ನೆಯ ವಿಧಿಯ ಆಶಯವನ್ನು ಮುಂದೊಡ್ಡಿ ಇದನ್ನು ಆಕ್ಷೇಪಿಸುವವರಿರಬಹುದು. ಆದರೆ ರುಚಿ ಬಲ್ಲವನ ಲೋಟದಲ್ಲಿ ಇರುವುದು ಕೆಲವೇ ಗುಟುಕು. ಪ್ರಮಾಣದಿಂದಲ್ಲದೆ ಗುಣದಿಂದ ಬೆಳೆಯುವ ಉದ್ಯಮವೇ ಸಮಾಜಕ್ಕೂ ಬೊಕ್ಕಸಕ್ಕೂ ಕ್ಷೇಮಕರ.